ಹೊಸ ಕವರಿನೊಳಗೆ ಹಳೆಯ ಪುಸ್ತಕ

"ಈ ಪುಸ್ತಕಗಳನ್ನ ಆರಿಸಿ ಕೊಟ್ಟದ್ದು ನೀವೇ ತಾನೇ?"

ಮೂರು ದಪ್ಪ ಪುಸ್ತಕಗಳು ಮೇಜಿನ ಮೇಲೆ ಧಪ್ಪೆಂದು ಬಿದ್ದವು.

ಏಣಿ ಹತ್ತಿ ಮೇಲಿನ ಕಪಾಟು ಒರೆಸುತ್ತಿದ್ದ ಪುಸ್ತಕದಂಗಡಿಯವನು ಬಗ್ಗಿ ನೋಡಿದ. ಕೆಳಗೆ ಒಬ್ಬಳು ಏದುಸಿರು ಬಿಡುತ್ತಾ ನಿಂತಿದ್ದಳು. ಬಿಳಿ ಕೋಟು, ಜೇಬಿನಲ್ಲಿ ಪುಟ್ಟ ಟಾರ್ಚು, ಹಣೆಯ ಮೇಲೆ ಬಿದ್ದ ಕೂದಲನ್ನು ಸರಿಸಲೂ ಪುರುಸೊತ್ತಿಲ್ಲದ ಕೋಪ! ಎದುರಿನ ಕನ್ನಡಕದಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ರಸ್ತೆಯ ಆಚೆಯಿಂದ ದಿನಾ ಕಾಣುತ್ತಿದ್ದ ಮುಖವೇ. ಇಷ್ಟು ಹತ್ತಿರದಿಂದ ನೋಡಿದ್ದು ಇದೇ ಮೊದಲು.

"ನಾನೇ ಮೇಡಂ. ಯಾಕೆ, ಹಾಳೆ ಏನಾದ್ರೂ ಹರಿದಿತ್ತಾ?"

"ಹಾಳೆ ಸರಿಯಾಗೇ ಇದೆ. ನಮ್ಮಪ್ಪ ಓದದೇ ಇರೋ ಪುಸ್ತಕ ಬೇಕು ಅಂತ ನಮ್ಮ ಚಿಕ್ಕಮ್ಮ ಬಾಯಿಬಿಟ್ಟು ಕೇಳಿದ್ರು ತಾನೇ? ಮೂರನ್ನೂ 'ಓದಾಯ್ತು' ಅಂತ ಪಕ್ಕಕ್ಕೆ ತಳ್ಳಿಬಿಟ್ರು. ಎಷ್ಟು ಆಸೆಯಿಂದ ತರಿಸಿದ್ದೆ ಗೊತ್ತಾ?"

ಕೊನೆಯ ಮಾತಿನಲ್ಲಿ ಅವಳ ದನಿ ಒಡೆದುಹೋಯಿತು.

ಅವನು ಏಣಿ ಇಳಿದು ಬಂದ. ಅವಳು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದಳು. ಅಪ್ಪ ಪತ್ರಿಕೆಯಲ್ಲಿ ಸಂಪಾದಕೀಯ ಬರೆಯುತ್ತಿದ್ದವರು. ರಾಜಕೀಯ, ಇತಿಹಾಸ ಅಂದರೆ ಊಟ ತಣ್ಣಗಾದರೂ ತಲೆ ಎತ್ತುತ್ತಿರಲಿಲ್ಲ. ಯಾವ ಅರಸ ಯಾರಿಗೆ ದ್ರೋಹ ಮಾಡಿದ, ಯಾವ ಸರ್ಕಾರ ಯಾಕೆ ಬಿತ್ತು, ಎಲ್ಲ ನಾಲಿಗೆಯ ತುದಿಯಲ್ಲೇ. ಅಂಥವರು ಈಗ ಪುಸ್ತಕ ಮುಟ್ಟುತ್ತಿಲ್ಲ. ಕಿಟಕಿಯ ಹತ್ತಿರ ಸುಮ್ಮನೆ ಕೂತಿರುತ್ತಾರೆ.

"ಕಣ್ಣಿನ ತೊಂದರೆ ಅಂದ್ಕೊಂಡು ಎರಡು ಸಲ ಲೆನ್ಸ್ ಬದಲಾಯಿಸಿದೆ. ಕಣ್ಣು ಚೆನ್ನಾಗೇ ಇದೆ. ಅವರಿಗೆ ಓದೋಕೆ ಏನೂ ಉಳಿದಿಲ್ಲ, ಅಷ್ಟೇ."

ಅವನು ಮೂರನೆಯ ಪುಸ್ತಕವನ್ನು ಕೈಯಲ್ಲಿ ತಿರುಗಿಸುತ್ತಾ ನಿಂತ. ಅದು ಅಚ್ಚಾಗಿ ಅಂಗಡಿಗೆ ಬಂದು ವಾರ ಕಳೆದಿತ್ತಷ್ಟೇ. ಇದನ್ನು ಅವರು ಓದಿರಲು ಸಾಧ್ಯವೇ ಇಲ್ಲವಲ್ಲ...

ಹೇಳಲೆಂದು ಬಾಯಿ ತೆರೆದವನು ಅವಳ ಮುಖ ನೋಡಿ ಸುಮ್ಮನಾದ.

"ಇಷ್ಟು ಓದಿದವರಿಗೆ ಏನು ಇಷ್ಟ ಅಂತ ನಾನು ಕೇಳೋದಿಲ್ಲ ಮೇಡಂ. ಯಾರ ಜೊತೆ ಜಗಳ ಆಡ್ತಾರೆ ಅಂತ ಕೇಳ್ತೀನಿ. ಅದು ಗೊತ್ತಾದ್ರೆ ಪುಸ್ತಕ ತಾನಾಗೇ ಸಿಗುತ್ತೆ. ಅವರನ್ನೇ ಒಂದ್ಸಲ ಕರ್ಕೊಂಡು ಬನ್ನಿ."

ಇದೂ ವ್ಯಾಪಾರದ ಒಂದು ವರಸೆಯೇ ಇರಬೇಕು ಅಂದುಕೊಂಡಳು ಅವಳು. ಆದರೂ ಕರೆದುಕೊಂಡು ಬಂದಳು.

ಆಮೇಲೆ ನಡೆದದ್ದು ಅವಳ ಪಾಲಿಗೆ ಪವಾಡವೇ!

ಪ್ರತಿ ಶನಿವಾರ ಅಪ್ಪನನ್ನು ಅಲ್ಲಿ ಬಿಟ್ಟು ಅವಳು ಕೆಲಸಕ್ಕೆ ಹೋಗುವಳು. ಮಧ್ಯಾಹ್ನ ಬರುವಷ್ಟರಲ್ಲಿ ಅಪ್ಪ ಮತ್ತು ಅಂಗಡಿಯವನು ಯಾವುದೋ ಕಾಲದ ಯಾವುದೋ ಮಂತ್ರಿಯ ಮೇಲೆ ಜೋರು ಜೋರಾಗಿ ವಾದಿಸುತ್ತಿರುತ್ತಿದ್ದರು. ಅಪ್ಪನ ಕಂಕುಳಲ್ಲಿ ಮಿರಮಿರನೆ ಮಿಂಚುವ ಹೊಸ ಪುಸ್ತಕ. ಮನೆಗೆ ಬಂದರೆ ಮತ್ತೆ ಅದೇ ಹಳೆಯ ಅಪ್ಪ! ಕುರ್ಚಿಯಲ್ಲಿ ಕಾಲು ಮಡಚಿ ಕೂತು, ಪುಟ ತಿರುಗಿಸುತ್ತಾ, "ಸುಳ್ಳು ಬರೀತಾನೆ ಇವನು" ಎಂದು ಗೊಣಗುವ ಅಪ್ಪ.

ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತು ಆ ಗೊಣಗಾಟ ಕೇಳುತ್ತಿದ್ದಳು. ಕೇಳುತ್ತಾ ಕಣ್ಣು ಒರೆಸಿಕೊಳ್ಳುತ್ತಿದ್ದಳು.

ಈ ಮನುಷ್ಯ ನನ್ನ ಅಪ್ಪನನ್ನ ನನಗೆ ವಾಪಸ್ ಕೊಟ್ಟ... ಅವನಿಗೆ ಏನು ಕೊಡಲಿ ನಾನು?

ಏನು ಕೊಡಬೇಕೆಂದು ಅವಳ ಮನಸ್ಸು ಆಗಲೇ ತೀರ್ಮಾನಿಸಿಬಿಟ್ಟಿತ್ತು. ಚಿಕ್ಕಮ್ಮನಿಗೆ ಅದು ಗೊತ್ತಾಗಲು ಹೆಚ್ಚು ದಿನ ಬೇಕಾಗಲಿಲ್ಲ.

"ಪುಸ್ತಕ ಅಪ್ಪನಿಗೆ, ಪೌಡರ್ ಹಚ್ಕೊಳ್ಳೋದು ಮಗಳು! ಇದು ಯಾವ ಸೀಮೆ ವ್ಯಾಪಾರ ಕಣೇ?"

"ಸುಮ್ನಿರಿ ಚಿಕ್ಕಮ್ಮ!"

"ನಾನು ಸುಮ್ನೇ ಇದೀನಿ. ನಿನ್ನ ಮುಖ ಸುಮ್ನಿಲ್ಲ."

ಅಂಗಡಿಯವನೂ ಸುಮ್ಮನಿರಲಿಲ್ಲ. ಒಂದು ಶನಿವಾರ, ಅಪ್ಪ ಒಳಗಿನ ಕಪಾಟಿನ ಹತ್ತಿರ ಇದ್ದಾಗ, ಅವಳ ಕೈಗೆ ಚಹಾ ಕೊಡುತ್ತಾ ಕೇಳಿದ.

"ನೀವು ಏನೂ ಓದೋದಿಲ್ವಾ ಮೇಡಂ?"

"ದಿನವಿಡೀ ಜನರ ಕೈಲಿ ಅಕ್ಷರ ಓದಿಸ್ತೀನಲ್ಲ. ದೊಡ್ಡದು, ಸಣ್ಣದು, ಇನ್ನೂ ಸಣ್ಣದು... ಸಾಕಾಗಿ ಹೋಗುತ್ತೆ."

"ಒಂದ್ಸಲ ನನ್ನ ಕಣ್ಣೂ ನೋಡಿ. ಶನಿವಾರ ಬಿಟ್ಟು ಬೇರೆ ದಿನ ಏನೂ ಸರಿಯಾಗಿ ಕಾಣಿಸ್ತಿಲ್ಲ."

ಅವಳು ನಕ್ಕಳು. ಚಹಾ ತುಳುಕಿ ಬೆರಳು ಸುಟ್ಟದ್ದೂ ತಿಳಿಯಲಿಲ್ಲ.

ಅಪ್ಪನ ಗೆಳೆಯರು ವಾರಕ್ಕೊಮ್ಮೆ ಬಡಾವಣೆಯ ವಾಚನಾಲಯದಲ್ಲಿ ಸೇರುತ್ತಿದ್ದರು. ಅಲ್ಲಿ ಅಪ್ಪನಿಗೆ 'ಸ್ಪೀಕರ್' ಅಂತಲೇ ಹೆಸರು. ಅವರು ಏನೇ ಹೇಳಲಿ, ಅಲ್ಲ ಎನ್ನಲು ಒಬ್ಬ ಮುದಿ ವಕೀಲರಿದ್ದರು. ಅವರಿಗೆ 'ವಿರೋಧ ಪಕ್ಷ' ಅಂತ ಹೆಸರು. ಬಹಳ ದಿನದಿಂದ ಸ್ಪೀಕರ್ ಆ ಕಡೆ ಸುಳಿದಿರಲಿಲ್ಲ.

"ಏನಮ್ಮಾ, ನಿಮ್ಮಪ್ಪ ಸದನ ಬಿಟ್ಟು ಓಡಿಹೋದ್ನಾ?" ಎಂದು ವಕೀಲರು ಕನ್ನಡಕದಂಗಡಿಗೇ ಬಂದು ಕೆಣಕಿದರು.

"ಓಡಿಹೋಗಿಲ್ಲ ಸರ್, ತಯಾರಾಗ್ತಿದಾರೆ. ಎಲ್ಲರೂ ಮಾತಾಡ್ತಿರೋ ಆ ಹೊಸ ಪುಸ್ತಕ ಇದೆಯಲ್ಲ, ಅದನ್ನೇ ಓದ್ತಿದಾರೆ. ಅದರ ಮೇಲೆ ಅವರದ್ದೇ ಒಂದು ಭಾಷಣ ಇಡಿಸಿ!"

ಭಾನುವಾರ ಸಂಜೆಗೆ ಭಾಷಣ ನಿಗದಿಯಾಯಿತು. ಸುದ್ದಿ ಕೇಳಿ ಅಪ್ಪ ಕೈಯಲ್ಲಿದ್ದ ಪುಸ್ತಕ ಮಡಚಿದರು.

"ನನ್ನನ್ನ ಕೇಳಬೇಕಿತ್ತು ಪುಟ್ಟಿ."

"ಕೇಳಿದ್ರೆ ಬೇಡ ಅಂತೀರಿ. ಅದಕ್ಕೇ!"

ಆ ಶುಕ್ರವಾರ ಮನೆ ಗುಡಿಸುತ್ತಿದ್ದಾಗ ಅಪ್ಪನ ಕುರ್ಚಿಯ ಮೇಲಿದ್ದ ಪುಸ್ತಕ ಕೈಜಾರಿ ಬಿತ್ತು. ಮಿಂಚುವ ಕವರ್ ಒಂದು ಕಡೆ, ಪುಸ್ತಕ ಒಂದು ಕಡೆ.

ಎತ್ತಿಕೊಂಡವಳು ಹಾಗೇ ನಿಂತುಬಿಟ್ಟಳು.

ಕವರ್ ಮಾತ್ರ ಹೊಸದು. ಒಳಗಿದ್ದದ್ದು ಹಳದಿಗಟ್ಟಿದ, ಕಂದು ರಟ್ಟಿನ ಹಳೆಯ ಪುಸ್ತಕ. ಯಾವುದೋ ಮುಗಿದುಹೋದ ಯುದ್ಧದ ಕಥೆ. ಅದರದೇ ಇನ್ನೊಂದು ಪ್ರತಿ ಅವಳ ಎದುರಿನ ಕಪಾಟಿನಲ್ಲೇ ಇತ್ತು! ಅವಳು ಚಿಕ್ಕವಳಿದ್ದಾಗಿನಿಂದ ಧೂಳು ಒರೆಸುತ್ತಾ ಬಂದಿರುವ ಪುಸ್ತಕ.

ಹಿಂದಿನ ಶನಿವಾರದ್ದನ್ನು ತೆರೆದಳು. ಅದೂ ಹಾಗೇ. ಅದರ ಹಿಂದಿನದೂ...

ಅಪ್ಪನಿಗೆ ಇದು ಗೊತ್ತಾಗಲಿಲ್ಲವೇ? ಛೇ, ಅಪ್ಪನಿಗೆ ಗೊತ್ತಾಗದೆ ಇರುತ್ತದೆಯೇ? ಒಂದು ಸಾಲು ಓದಿದರೆ ಯಾವ ಪುಸ್ತಕ ಎಂದು ಹೇಳುವ ಮನುಷ್ಯ! ಗೊತ್ತಿದ್ದೂ ಸುಮ್ಮನಿದ್ದಾರೆ. ಯಾಕೆ?

ಉತ್ತರ ತಟ್ಟನೆ ಹೊಳೆಯಿತು.

ನನಗೋಸ್ಕರ! ಮಗಳು ಅವನನ್ನ ನೋಡೋ ರೀತಿ ಅಪ್ಪನಿಗೆ ಗೊತ್ತಾಗಿದೆ. ಹಳೇ ಸರಕನ್ನ ಹೊಸದು ಅಂತ ತಲೆಗೆ ಕಟ್ಟೋ ಮೋಸಗಾರನನ್ನ ನನ್ನ ಮುಖ ನೋಡಿ ನುಂಗಿಕೊಂಡಿದಾರೆ ಅಪ್ಪ...

ಎರಡು ಪ್ರತಿಗಳನ್ನೂ ಎದೆಗವಚಿಕೊಂಡು ಅವಳು ಅಂಗಡಿಗೆ ನುಗ್ಗಿದಳು.

"ಇದು ಏನು?"

ಅವನ ಮುಖದ ಬಣ್ಣ ಇಳಿಯಿತು. ಎರಡು ಪುಸ್ತಕಗಳನ್ನೂ ನೋಡಿದ. ಅವಳನ್ನು ನೋಡಿದ.

"ಹೇಳಿ! ಹೊಸದಕ್ಕೆ ಹಳೇದು ತುರುಕಿ ಕೊಡೋದು ನಿಮ್ಮ ಅಂಗಡಿ ಪದ್ಧತೀನಾ? ಬೇರೆ ಯಾರೂ ಸಿಗಲಿಲ್ವಾ ನಿಮಗೆ? ವಯಸ್ಸಾದ ನಮ್ಮಪ್ಪನೇ ಬೇಕಿತ್ತಾ?"

"ಮೇಡಂ..."

"ತಪ್ಪು ತಿಳ್ಕೊಂಡಿದೀನಿ ಅಂತಾದ್ರೂ ಹೇಳಿ. ಒಂದು ಮಾತು. ನಂಬ್ತೀನಿ ನಾನು."

ಅವಳ ಕಣ್ಣು ಬೇಡುತ್ತಿತ್ತು.

"ಹೇಳೋಕೆ ಏನೂ ಇಲ್ಲ ಮೇಡಂ. ಒಂದೇ ಒಂದು ಕೇಳ್ಕೊಳ್ತೀನಿ. ಭಾನುವಾರದ ಭಾಷಣ ಮಾತ್ರ ಬೇಡ. ದಯವಿಟ್ಟು."

"ಓಹೋ! ನಾಲ್ಕು ಜನರ ಮುಂದೆ ನಿಮ್ಮ ಬಣ್ಣ ಬಯಲಾಗುತ್ತೆ ಅಂತ ಭಯ?"

ಅವನು ತಲೆ ತಗ್ಗಿಸಿದ.

"ಇನ್ನು ನಮ್ಮಪ್ಪ ಈ ಮೆಟ್ಟಿಲು ಹತ್ತಲ್ಲ. ನಾನೂ ಅಷ್ಟೇ."

ರಸ್ತೆ ದಾಟುವಾಗ ಅವಳಿಗೆ ಎದುರಿನ ಏನೂ ಸರಿಯಾಗಿ ಕಾಣಲಿಲ್ಲ.

ಅವಳಿಗೆ ತಿಳಿಯದೆ ಇದ್ದದ್ದು ಒಂದಿತ್ತು. ಮೊದಲ ಶನಿವಾರ, ಅವಳು ಅಪ್ಪನನ್ನು ಬಿಟ್ಟು ಹೋದ ಮೇಲೆ, ಅಂಗಡಿಯವನು ಆ ಮೂರನೆಯ ಪುಸ್ತಕವನ್ನು ಅವರ ಮುಂದಿಟ್ಟು ಮೆಲ್ಲಗೆ ಕೇಳಿದ್ದ. "ಇದನ್ನ ನೀವು ಓದಿಲ್ಲ ಅಲ್ವಾ ಸರ್?"

ಆ ದೊಡ್ಡ ಮನುಷ್ಯ ಪುಸ್ತಕವನ್ನು ಮೆಲ್ಲಗೆ ಹಿಂದಕ್ಕೆ ತಳ್ಳಿದ್ದರು.

"ಓದ್ತೀನಪ್ಪ. ಓದ್ತಾ ಹೋದ ಹಾಗೆ ಹಿಂದಿನದು ಅಳಿಸಿಹೋಗುತ್ತೆ. ಮೂರನೇ ಅಧ್ಯಾಯಕ್ಕೆ ಬಂದಾಗ ಮೊದಲನೇ ಅಧ್ಯಾಯದ ಮಂತ್ರಿ ಯಾರು ಅಂತ ಗೊತ್ತಿರಲ್ಲ. ಯಾವಾಗಲೋ ಓದಿದ್ದು ಮಾತ್ರ ಎಲ್ಲಾ ನೆನಪಿದೆ. ಆ ಯುದ್ಧ, ಆ ಒಪ್ಪಂದ, ಒಂದೂ ಅಳಿಸಿಲ್ಲ. ಹೊಸದು ಮಾತ್ರ ನಿಲ್ಲಲ್ಲ."

"ಮಗಳಿಗೆ ಹೇಳಿ ಸರ್."

"ಅವಳ ತಾಯಿಯ ಕಾಯಿಲೆ ನೋಡಿ ನೋಡಿ ಸುಸ್ತಾಗಿರೋ ಮಗು. ಈಗ ನಾನೂನಾ? ನಾನು ಓದ್ತಾ ಕೂತಿರೋದನ್ನ ನೋಡಿದ್ರೆ ಸಾಕು, ಅವಳು ಸಮಾಧಾನವಾಗಿ ಊಟ ಮಾಡ್ತಾಳೆ. ಮನೇಲಿರೋ ಹಳೇದನ್ನೇ ತೆಗೆದು ಓದಿದ್ರೆ ತಕ್ಷಣ ಅನುಮಾನ ಬರುತ್ತೆ. ನೀನು ಯಾರಿಗೂ ಹೇಳಲ್ಲ ಅಂತ ಮಾತು ಕೊಡು."

ಅವನು ಮಾತು ಕೊಟ್ಟಿದ್ದ. ತನ್ನ ಹಳೆಯ ಪುಸ್ತಕಗಳ ರಾಶಿಯಲ್ಲಿ ಅವರು ಬಲ್ಲ ಪುಸ್ತಕ ಹುಡುಕಿ, ಅಳತೆಗೆ ಹೊಂದುವ ಹೊಸ ಕವರ್ ತೊಡಿಸಿ, ಅವರ ಕಂಕುಳಿಗೆ ಇಟ್ಟು ಕಳಿಸುತ್ತಿದ್ದ. ಅದಕ್ಕೆ ಅವನು ಏನನ್ನೂ ಪಡೆದಿರಲಿಲ್ಲ.

ಶನಿವಾರ ಅವಳು ಬೇರೆ ಅಂಗಡಿಯಿಂದ ಎಲ್ಲರೂ ಮಾತಾಡುತ್ತಿದ್ದ ಆ ಹೊಸ ಪುಸ್ತಕವನ್ನೇ ತಂದು ಅಪ್ಪನ ತೊಡೆಯ ಮೇಲಿಟ್ಟಳು.

"ಆ ಅಂಗಡಿಗೆ ಇನ್ನು ಹೋಗೋದು ಬೇಡ ಅಪ್ಪ. ಕಾರಣ ಕೇಳ್ಬೇಡಿ. ನಾಳೆಯ ಭಾಷಣಕ್ಕೆ ಇದನ್ನ ಓದಿ."

ಅಪ್ಪ ಅವಳ ಊದಿದ ಕಣ್ಣು ನೋಡಿದರು, ಕುರ್ಚಿಯ ಪಕ್ಕದಲ್ಲಿ ಬಿಚ್ಚಿಬಿದ್ದಿದ್ದ ಹೊಸ ಕವರನ್ನೂ ನೋಡಿದರು. ಬಾಯಿವರೆಗೆ ಬಂದ ಮಾತು ಅಲ್ಲೇ ನಿಂತಿತು. ಅಂದು ಹಗಲೆಲ್ಲ ಅವರು ಓದಿದರು. ಪುಟ ಮುಂದೆ ತಿರುಗಿಸುವರು, ಮತ್ತೆ ಹಿಂದೆ, ಮತ್ತೆ ಮುಂದೆ. ಈ ಸಲ ಗೊಣಗಾಟ ಇರಲಿಲ್ಲ. ಅವಳು ಅದನ್ನು ಗಮನಿಸಲಿಲ್ಲ. ತನ್ನ ನೋವಿನಲ್ಲೇ ಮುಳುಗಿದ್ದಳು.

ವಾಚನಾಲಯದ ಕೋಣೆ ತುಂಬಿತ್ತು. ಚಿಕ್ಕಮ್ಮ ಮೊದಲ ಸಾಲಿನಲ್ಲೇ ಜಾಗ ಹಿಡಿದಿದ್ದರು. ವಕೀಲರು ತೋಳು ಮಡಚಿ ಸಿದ್ಧರಾಗಿದ್ದರು.

"ಶುರು ಮಾಡಿ ಸ್ಪೀಕರ್ ಸಾಹೇಬ್ರೇ. ಎಷ್ಟು ದಿನ ಆಯ್ತು ನಿಮ್ಮನ್ನ ಬೈದು! ನಾಲಿಗೆ ತುಕ್ಕು ಹಿಡಿದಿದೆ."

ಎಲ್ಲರೂ ನಕ್ಕರು. ಅಪ್ಪ ಎದ್ದು ನಿಂತರು. ಆರಂಭ ಚೆನ್ನಾಗಿತ್ತು. ಪುಸ್ತಕದ ಹೆಸರು, ಅದರ ವಿಷಯ... ಆಮೇಲೆ ಮಾತು ಎಡವಿತು. ಈ ಪುಸ್ತಕದ ಪ್ರಧಾನಿಗೆ ಆ ಹಳೆಯ ಯುದ್ಧದ ಸೇನಾಪತಿಯ ಹೆಸರು ಬಂತು. ಹೇಳಿದ್ದನ್ನೇ ಮತ್ತೆ ಹೇಳಿದರು. ನಿಂತರು. ಪುಟ ತಿರುಗಿಸಿದರು. ಮತ್ತೆ ಹಿಂದಕ್ಕೆ ತಿರುಗಿಸಿದರು.

ಯಾರೋ ಕೆಮ್ಮಿದರು. ಹಿಂದಿನಿಂದ ಯಾರೋ ಕಿಸಕ್ಕೆಂದರು.

ಅಪ್ಪ... ಏನಾಗ್ತಿದೆ ಅಪ್ಪನಿಗೆ?

"ತಪ್ಪು ಅವರದ್ದಲ್ಲ!"

ಬಾಗಿಲ ಹತ್ತಿರ, ಜನರ ಹಿಂದಿನಿಂದ ಬಂದ ದನಿ. ಅವಳು ತಿರುಗಿದಳು. ಅವನು! ಯಾವಾಗ ಬಂದನೋ, ಗೋಡೆಗೆ ಒರಗಿ ನಿಂತಿದ್ದ. ಮುಖ ಬಿಳಿಚಿಕೊಂಡಿತ್ತು.

"ನಾನು ಪುಸ್ತಕದಂಗಡಿಯವನು. ಹೊಸ ಪುಸ್ತಕದ ಕವರ್ ಹಾಕಿ ಒಳಗೆ ಹಳೇ ಪುಸ್ತಕ ಇಟ್ಟು ಸರ್‌ಗೆ ಕೊಟ್ಟಿದ್ದೆ. ಅವರು ಓದಿರೋದೇ ಬೇರೆ. ಅದಕ್ಕೇ ಮಾತು ಹೊಂದ್ತಿಲ್ಲ. ಮೋಸ ನನ್ನದು."

ಕೋಣೆಯಲ್ಲಿ ಗುಲ್ಲೆದ್ದಿತು.

"ನಾಚಿಕೆ ಆಗಲ್ವೇನ್ರೀ?" ವಕೀಲರು ಎದ್ದೇಬಿಟ್ಟರು. "ಇನ್ನು ನಿಮ್ಮ ಅಂಗಡಿಗೆ ಯಾರು ಕಾಲಿಡ್ತಾರೆ?"

ಅವನು ಕೈಮುಗಿದ.

ಅವಳಿಗೆ ಮಾತ್ರ ಬೇರೆಯೇ ಹೊಳೆಯಿತು. ಸುಳ್ಳು! ಅವನು ಹೇಳುತ್ತಿರುವುದು ಸುಳ್ಳು! ಅಪ್ಪ ನಿನ್ನೆಯಿಂದ ಓದಿದ್ದು ಅವಳೇ ತಂದ ಪುಸ್ತಕ. ಈಗ ಅಪ್ಪನ ಕೈಯಲ್ಲಿರುವುದೂ ಅದೇ. ಒಳಗೂ ಹೊಸದು, ಹೊರಗೂ ಹೊಸದು. ಆ ಬಿಳಿ ಹಾಳೆಗಳು ಅವನಿಗೂ ಕಾಣುತ್ತಿವೆ. ಹಾಗಿದ್ದೂ ಊರ ಮುಂದೆ ತನ್ನ ಅಂಗಡಿಯ ಹೆಸರಿಗೆ ತಾನೇ ಮಸಿ ಬಳಿದುಕೊಳ್ಳುತ್ತಿದ್ದಾನೆ. ಯಾಕೆ?

ಅವಳು ಅಪ್ಪನ ಕಡೆ ನೋಡಿದಳು. ಹಿಂದೆ ಮುಂದೆ ತಿರುಗುತ್ತಿದ್ದ ಪುಟಗಳು... 'ಓದಾಯ್ತು' ಎಂದು ಪಕ್ಕಕ್ಕೆ ತಳ್ಳಿದ ಆ ಪುಸ್ತಕಗಳು...

ಅಯ್ಯೋ, ದೇವರೇ!

"ಕೂತ್ಕೊಳ್ಳಿ ವಕೀಲರೇ." ಅಪ್ಪನ ದನಿ ಮೆಲ್ಲಗೆ ಬಂತು. ಕೋಣೆ ತಣ್ಣಗಾಯಿತು. "ಆ ಹುಡುಗನನ್ನ ಯಾರೂ ಏನೂ ಅನ್ಬೇಡಿ. ಅವನು ಹೊತ್ಕೊಂಡಿರೋದು ನನ್ನ ಸುಳ್ಳು."

"ಸರ್, ಬೇಡ..." ಎಂದ ಅವನು.

"ಬೇಕಪ್ಪ." ಅಪ್ಪ ಪುಸ್ತಕವನ್ನು ಮೇಜಿನ ಮೇಲಿಟ್ಟರು. "ನಾನು ಬದುಕಿಡೀ ಒಂದು ಮಾತು ಬರೆದೆ. ಕಾಯಿಲೆ ಮುಚ್ಚಿಟ್ಟು ಕುರ್ಚಿ ಬಿಡದೆ ಕೂತ ಅರಸರು, ಮಂತ್ರಿಗಳು, ಅವರು ತಮ್ಮ ಜನಕ್ಕೇ ಮೋಸ ಮಾಡಿದ್ರು ಅಂತ. ಎಷ್ಟು ಬೈದೆ ಅವರನ್ನ! ಈಗ ನಾನು ಮಾಡಿದ್ದೂ ಅದೇ. ನನಗೆ ಮರೆವು ಶುರುವಾಗಿದೆ. ಹೊಸದು ನಿಲ್ಲಲ್ಲ. ನನ್ನ ಮಗಳಿಂದ ಮುಚ್ಚಿಡೋಕೆ ಇವನ ಕೈಲಿ ಕವರ್ ಹಾಕಿಸ್ಕೊಂಡೆ. ಅವಳು ಇವನನ್ನ ಮೋಸಗಾರ ಅಂದ್ಕೊಂಡಾಗಲೂ ಬಾಯಿ ಬಿಡಲಿಲ್ಲ. ಧೈರ್ಯ ಸಾಲಲಿಲ್ಲ." ಅವರು ಮಗಳ ಕಡೆ ತಿರುಗಿದರು. "ನೀನು ಲೆನ್ಸ್ ಬದಲಾಯಿಸ್ತಾನೇ ಇದ್ದೆ ಪುಟ್ಟಿ. ಮಂಜು ಕಣ್ಣಲ್ಲಿರಲಿಲ್ಲ ಕಂದಾ... ಸ್ಪೀಕರ್ ಸ್ಥಾನಕ್ಕೆ ನನ್ನ ರಾಜೀನಾಮೆ."

ಚಿಕ್ಕಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು.

ವಕೀಲರು ಎದ್ದರು. ಗಂಟಲು ಸರಿಮಾಡಿಕೊಂಡರು.

"ವಿರೋಧ ಪಕ್ಷ ವಿರೋಧಿಸುತ್ತೆ. ರಾಜೀನಾಮೆ ಅಂಗೀಕಾರ ಆಗಿಲ್ಲ." ಅವರು ಅಪ್ಪನ ಹತ್ತಿರ ಬಂದರು. "ಹೊಸದನ್ನ ನಾವು ಓದ್ಕೊಂಡು ಬರ್ತೀವಿ ಕಣೋ. ಹಳೇದನ್ನ ನೀನು ಹೇಳು. ಆ ಒಪ್ಪಂದಕ್ಕೆ ಸಹಿ ಹಾಕಿದ್ದು ಹೇಡಿತನ ಅಂತೀನಿ ನಾನು. ಅಲ್ಲ ಅಂತ ಹೇಳು ನೋಡೋಣ!"

ಅಪ್ಪನ ಬೆನ್ನು ನೆಟ್ಟಗಾಯಿತು.

"ಹೇಡಿತನವಾ? ನಿನಗೆ ಏನು ಗೊತ್ತು ಆ ಒಪ್ಪಂದದ ವಿಷಯ?"

ಅವಳು ಅಳುತ್ತಾ ನಕ್ಕು ಬಾಗಿಲ ಕಡೆ ನೋಡಿದಳು. ಗೋಡೆಯ ಹತ್ತಿರ ಯಾರೂ ಇರಲಿಲ್ಲ.

ಮರುದಿನ ಬೆಳಗ್ಗೆ ಅವನು ಅಂಗಡಿಯ ಬಾಗಿಲು ತೆರೆಯುವಾಗಲೇ ಅವಳು ಮೆಟ್ಟಿಲ ಮೇಲೆ ಕೂತಿದ್ದಳು. ರಾತ್ರಿ ನಿದ್ದೆ ಇಲ್ಲದ ಕಣ್ಣು.

"ಹತ್ತಲ್ಲ ಅಂದಿದ್ದೆ. ಹತ್ತಿ ಬಂದಿದೀನಿ."

ಅವನು ಪಕ್ಕದಲ್ಲಿ ಕೂತ, ಒಂದಿಷ್ಟು ಜಾಗ ಬಿಟ್ಟು.

"ಕ್ಷಮಿಸಿ ಅಂತ ಕೇಳೋಕೂ ನನಗೆ ಮುಖ ಇಲ್ಲ," ಎಂದಳು. "ಎಂಥೆಂಥ ಮಾತು ಅಂದುಬಿಟ್ಟೆ! ಒಂದು ಮಾತು ಹೇಳಿದ್ರೆ ನಂಬ್ತಿದ್ದೆನಲ್ಲ..."

"ನೀವು ನಂಬ್ತೀರಿ ಅಂತ ಗೊತ್ತಿತ್ತು. ಅದಕ್ಕೇ ಹೇಳೋದು ಇನ್ನೂ ಕಷ್ಟ ಆಯ್ತು. ಅವರಿಗೆ ಮಾತು ಕೊಟ್ಟಿದ್ದೆ."

"ನಿನ್ನೆ ಎಲ್ಲರ ಮುಂದೆ ಮೋಸಗಾರ ಅನ್ನಿಸ್ಕೊಂಡ್ರಿ. ಅಪ್ಪನಿಗೋಸ್ಕರ."

"ಅವರಿಗೋಸ್ಕರ ಮಾತ್ರ ಅಂದ್ರೆ ಅದೂ ಸುಳ್ಳಾಗುತ್ತೆ." ಅವನು ರಸ್ತೆಯನ್ನೇ ನೋಡುತ್ತಾ ಹೇಳಿದ. "ಅವರು ತಲೆ ತಗ್ಗಿಸೋದನ್ನ ನೀವು ನೋಡ್ತೀರಲ್ಲ, ಅದನ್ನ ನೆನೆಸ್ಕೊಂಡ್ರೆ ನನಗೆ ತಡೆಯೋಕಾಗಲಿಲ್ಲ. ಬಹಳ ದಿನದಿಂದ ಹೇಳ್ಬೇಕು ಅಂತಿದ್ದೆ. ನಿಮ್ಮನ್ನ ಕಂಡ್ರೆ... ನನಗೆ ಇಷ್ಟ."

ಅವಳು ಮೊಣಕಾಲಿಗೆ ಮುಖ ಒತ್ತಿಕೊಂಡಳು. ಹೆಗಲು ಅಲುಗಿತು.

"ಈ ವಾರ ಡಾಕ್ಟರ ಹತ್ತಿರ ಕರ್ಕೊಂಡು ಹೋಗ್ತೀನಿ. ಆದರೆ ನನಗೆ ಭಯ ಆಗ್ತಿದೆ ರೀ. ಇವತ್ತು ಪುಸ್ತಕ... ನಾಳೆ ಏನೋ. ಒಂದು ದಿನ ಅಪ್ಪ ನನ್ನನ್ನೇ ನೋಡಿ ಯಾರಮ್ಮ ನೀನು ಅಂದ್ಬಿಟ್ರೆ?"

ಅವನು ಹಾಗಾಗುವುದಿಲ್ಲ ಎನ್ನಲಿಲ್ಲ. ಇಬ್ಬರ ನಡುವಿದ್ದ ಜಾಗ ದಾಟಿ, ಅವಳ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡ.

"ಅದಕ್ಕೂ ಮುಂಚೆ ನನ್ನನ್ನ ಮರೀತಾರೆ. ನಾನು ಹೊಸಬ ಅಲ್ವಾ? ಹೊಸದೇ ಅಲ್ವಾ ಮೊದಲು ಹೋಗೋದು?"

ಅವಳು ಕಣ್ಣೀರಿನ ನಡುವೆಯೇ ನಕ್ಕುಬಿಟ್ಟಳು. ಆ ನಗು ಮತ್ತೆ ಅಳುವಾಯಿತು. ಅವನು ಕಾದ.

"ಮರೆತರೆ ಮರೀಲಿ," ಎಂದಳು ಕೊನೆಗೆ. "ನೀವು ದಿನಾ ಮನೆಗೆ ಬನ್ನಿ. ದಿನಾ ನಾನು ಹೊಸದಾಗಿ ಪರಿಚಯ ಮಾಡಿಸ್ತೀನಿ."

"ಏನಂತ? ಪುಸ್ತಕದಂಗಡಿಯವನು ಅಂತಾನಾ?"

ಅವಳು ತಲೆ ಅಲ್ಲಾಡಿಸಿದಳು. ಕೆನ್ನೆ ಕೆಂಪಾಯಿತು.

"ನಮ್ಮನೆಯವರು ಅಂತ."

ಅವನ ಬೆರಳುಗಳು ಅವಳ ಬೆರಳುಗಳನ್ನು ಬಿಗಿಯಾಗಿ ಹಿಡಿದವು.

"ದಿನಾ ಹೇಳ್ಬೇಕಾಗುತ್ತೆ..."

"ಹೇಳ್ತೀನಿ."